ವ್ಯಾಸಭಾರತದ ಎರಡು ಎಚ್ಚರದ ರಾತ್ರಿಗಳು

ವಿದುರನೀತಿಯ ಹೆಸರನ್ನು ಕೇಳದ ವಿದ್ಯಾವಂತರ ಮನೆ ನಮ್ಮ ನಾಡಿನಲ್ಲಿ ವಿರಳ. ಅದು ಬೇರೆ ಪುಸ್ತಕವಾಗಿ ಅಚ್ಚಾಗಿದೆ. ಹುಡುಗರ ಬಾಯಿಪಾಠಕ್ಕೂ ಹಿರಿಯರ ಪಾರಾಯಣಕ್ಕೂ ಭಾಷಣಕಾರರ ಉಪಯೋಗಕ್ಕೂ ಸಮನಾಗಿ ಒದಗಿದೆ. ಆದರೆ ಆ ಶ್ಲೋಕಗಳು ಯಾವ ಹೊತ್ತಿನಲ್ಲಿ, ಯಾರ ಮುಂದೆ, ಯಾವ ನಿಮಿತ್ತದಿಂದ ನುಡಿಯಲ್ಪಟ್ಟುವೆಂದು ಕೇಳಿದರೆ ಉತ್ತರ ಕೊಡುವವರು ಕಡಿಮೆ. ಭಗವಾನ್ ವ್ಯಾಸರ ಗ್ರಂಥದಲ್ಲಿ ಆ ಉಪಪರ್ವಕ್ಕೆ ವಿದುರನೀತಿಯೆಂಬ ಹೆಸರಿಲ್ಲ. ಅದರ ಹೆಸರು ಪ್ರಜಾಗರಪರ್ವ. ಎಂದರೆ, ನಿದ್ರೆಯಿಲ್ಲದಿರುವಿಕೆಯ ಪರ್ವ. ನೀತಿಯನ್ನು ಹೇಳಿದವನ ಹೆಸರನ್ನು ಬಿಟ್ಟು, ಕೇಳಿದವನ ವ್ಯಾಧಿಯ ಹೆಸರನ್ನು ಆ ಭಾಗಕ್ಕೆ ಇಟ್ಟವರ ಅಭಿಪ್ರಾಯವೇನಿದ್ದಿರಬೇಕೆಂಬುದೇ ಈ ಲೇಖನದಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಪದವನ್ನು ನೋಡೋಣ. ಧಾತುಪಾಠವು ‘ಜಾಗೃ’ ಧಾತುವಿಗೆ ನಿದ್ರೆಯ ಕ್ಷಯವೆಂಬ ಅರ್ಥವನ್ನು ಹೇಳುತ್ತದೆ. ಎಚ್ಚರವೆಂಬುದನ್ನು ಒಂದು ಸ್ವತಂತ್ರವಾದ ಸ್ಥಿತಿಯೆಂದು ಭಾವಿಸದೆ, ನಿದ್ರೆಯು ಸವೆದುಹೋದ ಸ್ಥಿತಿಯೆಂದು ನಮ್ಮ ವೈಯಾಕರಣರು ಕಂಡರು. ಅದರ ಹಿಂದೆ ‘ಪ್ರ’ ಎಂಬ ಉಪಸರ್ಗವು ಸೇರಿದಾಗ ಆ ಸವೆತವು ಅತಿಶಯವಾಯಿತೆಂದು ತಿಳಿಯಬೇಕು. ಇನ್ನೊಂದು ಸೂಕ್ಷ್ಮವಿದೆ. ವಿದುರನು ಅರಸನಿಗೆ ಕೊಡುವ ಮೊದಲನೆಯ ಉತ್ತರದಲ್ಲಿ, ಇಂಥಿಂಥವರಿಗೆ ನಿದ್ರೆ ಬಾರದೆಂದು ಹೇಳುವಾಗ, ವಾಕ್ಯದ ಕರ್ತೃವು ಮನುಷ್ಯನಲ್ಲ. ಪ್ರಜಾಗರವೇ ಕರ್ತೃ, ಮನುಷ್ಯನು ಕರ್ಮ. ಮನುಷ್ಯನು ಎಚ್ಚರವಾಗಿರುತ್ತಾನೆಂದಲ್ಲ, ಎಚ್ಚರವು ಬಂದು ಅವನನ್ನು ಹೊಗುತ್ತದೆ. ಗ್ರಹ ಹಿಡಿದವನ ವಿಷಯದಲ್ಲಿ ಬಳಸುವ ಕ್ರಿಯಾಪದವನ್ನೇ ಅಲ್ಲಿ ಬಳಸಿದೆ. ಹಾಸಿಗೆಯ ಮೇಲೆ ಹೊರಳಾಡಿ, ನಿದ್ರೆಯನ್ನು ಬರಮಾಡಿಕೊಳ್ಳಬೇಕೆಂದು ಹೋರಾಡಿ ಸೋತವರಿಗೆ ಈ ವ್ಯಾಕರಣದ ಸತ್ಯವು ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿಯುವುದು.

ಇನ್ನು ಕಥಾಸಂದರ್ಭ. ಪಾಂಡವರ ವನವಾಸ ಅಜ್ಞಾತವಾಸಗಳು ಮುಗಿದಿವೆ. ಅವರು ಉಪಪ್ಲವ್ಯದಲ್ಲಿದ್ದಾರೆ. ಧೃತರಾಷ್ಟ್ರನು ಸಂಜಯನನ್ನು ಅವರ ಬಳಿಗೆ ಕಳುಹಿಸಿದ್ದಾನೆ. ಕೊಟ್ಟ ಸಂದೇಶದಲ್ಲಿ ಶಾಂತಿಯ ಮಾತುಗಳು ಬೇಕಾದಷ್ಟಿವೆ, ರಾಜ್ಯದ ಭಾಗವನ್ನು ಕೊಡುವ ಮಾತು ಮಾತ್ರ ಇಲ್ಲ. ಸಂಜಯನು ಹಿಂದಿರುಗಿ ರಾತ್ರಿಯಲ್ಲಿ ಅರಸನನ್ನು ಕಾಣುತ್ತಾನೆ, ಮುಖಕ್ಕೆ ಹೊಡೆದಂತೆ ಅವನ ತಪ್ಪನ್ನು ಹೇಳುತ್ತಾನೆ. ಆದರೆ ಧರ್ಮರಾಯನ ಪ್ರತ್ಯುತ್ತರವನ್ನು ಆಗ ತಿಳಿಸುವುದಿಲ್ಲ. ರಥದ ವೇಗದಿಂದ ದೇಹವು ದಣಿದಿದೆ, ಮಲಗಲು ಅಪ್ಪಣೆಯಾಗಬೇಕು, ನಾಳೆ ಬೆಳಗ್ಗೆ ಸಭೆಯಲ್ಲಿ ಎಲ್ಲರೂ ಕೂಡಿ ಕೇಳಬಹುದು ಎಂದು ಹೇಳಿ ಹೊರಟುಹೋಗುತ್ತಾನೆ.

ಈ ಸ್ಥಳವನ್ನು ನಾವು ಸಾಮಾನ್ಯವಾಗಿ ಓದಿ ದಾಟಿಬಿಡುತ್ತೇವೆ. ನಿಂತು ನೋಡಿದರೆ ಕವಿಯ ಕೈವಾಡ ಕಾಣುವುದು. ಇಡೀ ದಿನ ರಥದಲ್ಲಿ ಕುಲುಕಿ ಬಂದ ದೂತನು ಮಲಗುತ್ತಾನೆ. ಅರಮನೆಯಲ್ಲಿ ಕುಳಿತೇ ಇದ್ದ ದೊರೆಗೆ ನಿದ್ರೆಯಿಲ್ಲ. ಹೇಳಬೇಕಾದ ಕಟುಸತ್ಯವನ್ನು ಹೇಳಿ ಮುಗಿಸಿದವನಿಗೆ ದೇಹದ ದಣಿವೊಂದೇ ಉಳಿದಿದೆ, ಅದಕ್ಕೆ ಮದ್ದು ಹಾಸಿಗೆ. ಕೇಳಿದವನಿಗೆ ದೇಹದ ದಣಿವಿಲ್ಲ, ಹಾಸಿಗೆಯಿಂದ ಆಗುವ ಉಪಕಾರವೂ ಇಲ್ಲ. ಅದಕ್ಕಿಂತಲೂ ಮುಖ್ಯವಾದುದು, ಅರಸನ ನಿದ್ರೆಯನ್ನು ಕಳೆದದ್ದು ಕೆಟ್ಟ ಸುದ್ದಿಯಲ್ಲ. ಸುದ್ದಿಯು ಏನೆಂಬುದು ತಿಳಿಯದಿರುವುದು. ಯುದ್ಧವೆಂದು ಸಂಜಯನು ಹೇಳಿಬಿಟ್ಟಿದ್ದರೆ ಅರಸನು ಅತ್ತು ಮಲಗುತ್ತಿದ್ದನೋ ಏನೋ. ‘ನಾಳೆ ಏನು ಹೇಳುವನೋ’ ಎಂಬ ಒಂದೇ ಪ್ರಶ್ನೆಯು ಅವನ ಅಂಗಾಂಗಗಳನ್ನು ಸುಡುತ್ತದೆ.

ಇದು ಕವಿಯ ಕಲ್ಪನೆ ಮಾತ್ರವಲ್ಲ. ೨೦೧೬ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಎಂದು ಊಹಿಸುವುದು ಪರೀಕ್ಷೆಗೆ ಬಂದವರ ಕೆಲಸ. ಹಾವಿದ್ದರೆ ಕೈಗೆ ನೋವಾಗುವಂತೆ ಸ್ವಲ್ಪ ವಿದ್ಯುತ್ತಿನ ಪೆಟ್ಟು. ಪೆಟ್ಟು ಬೀಳುವುದು ನಿಶ್ಚಯವೆಂದು ತಿಳಿದಿದ್ದಾಗ ಆದ ಉದ್ವೇಗಕ್ಕಿಂತ, ಬೀಳುವುದೋ ಬೀಳದೋ ಎಂಬುದು ಸರಿಪಾಲಾಗಿದ್ದಾಗ ಆದ ಉದ್ವೇಗವೇ ಹೆಚ್ಚಾಗಿದ್ದಿತು. ಬೆವರಿನಿಂದಲೂ ಕಣ್ಣಾಲಿಯ ಹಿಗ್ಗುವಿಕೆಯಿಂದಲೂ ಅದನ್ನು ಅಳೆದರು. ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ, ವೈದ್ಯರ ವರದಿ ಬರುವ ಹಿಂದಿನ ರಾತ್ರಿ, ನಮ್ಮ ಮನೆಗಳಲ್ಲಿ ದೀಪವಾರದೆ ಇರುವುದಕ್ಕೂ ಹಸ್ತಿನಾವತಿಯಲ್ಲಿ ಆ ರಾತ್ರಿ ದೀಪವಾರದೆ ಇದ್ದುದಕ್ಕೂ ಕಾರಣವೊಂದೇ.

ಅರಸನು ದ್ವಾರಪಾಲಕನನ್ನು ಕಳುಹಿಸಿ ವಿದುರನನ್ನು ಕರೆಯಿಸುತ್ತಾನೆ. ತನ್ನ ಅವಸ್ಥೆಯನ್ನು ಅವನು ಹೇಳಿಕೊಳ್ಳುವ ರೀತಿಯು ಗಮನಾರ್ಹವಾದುದು. ಸಂಜಯನು ಬಂದಂದಿನಿಂದ ಮನಸ್ಸಿಗೆ ಶಾಂತಿಯಿಲ್ಲ, ಇಂದ್ರಿಯಗಳೆಲ್ಲ ತಮ್ಮ ಸಹಜಸ್ಥಿತಿಯನ್ನು ಬಿಟ್ಟಿವೆ, ಮೈ ಉರಿಯುತ್ತಿದೆ, ಎಚ್ಚರದಿಂದ ಬೇಯುತ್ತಿರುವ ತನಗೆ ಹಿತವಾವುದೆಂದು ತಿಳಿಸಬೇಕು ಎಂಬುದು ಅವನ ಮಾತಿನ ಸಾರ. ಚಿಂತೆ ಮನಸ್ಸಿನದು, ಉರಿ ಮೈಯದು. ಅವೆರಡನ್ನೂ ಕವಿಯು ಬೇರೆ ಮಾಡಲಿಲ್ಲ. ಈಗಿನ ಶರೀರಶಾಸ್ತ್ರವೂ ಬೇರೆ ಮಾಡುವುದಿಲ್ಲ. ಮನಸ್ಸು ಭಯಪಟ್ಟಾಗ ದೇಹವು ಓಡುವುದಕ್ಕೋ ಹೊಡೆದಾಡುವುದಕ್ಕೋ ಸಿದ್ಧವಾಗುತ್ತದೆ: ಎದೆಯ ಬಡಿತ ಏರುತ್ತದೆ, ಮೂತ್ರಪಿಂಡಗಳ ನೆತ್ತಿಯಲ್ಲಿರುವ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸುರಿಸುತ್ತವೆ. ಆರೋಗ್ಯವಂತನಲ್ಲಿ ನಡುರಾತ್ರಿಯ ಸುಮಾರಿಗೆ ಅತ್ಯಲ್ಪವಾಗಿದ್ದು ಬೆಳಗಿನ ಜಾವದಲ್ಲಿ ಏರತಕ್ಕ ಈ ರಸವು, ಚಿಂತೆಯುಳ್ಳವನಲ್ಲಿ ತಗ್ಗಬೇಕಾದ ಹೊತ್ತಿನಲ್ಲಿ ತಗ್ಗದೆ ನಿಲ್ಲಬಹುದು. ಆಗ ನಿದ್ರೆ ಬರುವುದು ತಡ. ಬಂದರೂ ಗಾಢನಿದ್ರೆಯ ಅಂಶ ಕಡಿಮೆ, ನಡುನಡುವೆ ಎಚ್ಚರ. ಕಣ್ಣು ಮುಚ್ಚಿದ್ದರೂ ಕಾವಲುಗಾರನು ಮಲಗಿರುವುದಿಲ್ಲ.

ವಿದುರನು ಒಡನೆಯೇ ಉಪದೇಶಕ್ಕೆ ತೊಡಗುವುದಿಲ್ಲ. ಮೊದಲು ನಿದಾನವನ್ನು ಮಾಡುತ್ತಾನೆ. ಬಲಿಷ್ಠನ ವೈರವನ್ನು ಕಟ್ಟಿಕೊಂಡ ದುರ್ಬಲನಿಗೆ, ಸಾಧನವಿಲ್ಲದವನಿಗೆ, ಸೊತ್ತನ್ನು ಕಳೆದುಕೊಂಡವನಿಗೆ, ಕಾಮಿಗೆ, ಕಳ್ಳನಿಗೆ ನಿದ್ರೆಯಿರುವುದಿಲ್ಲವೆಂದು ಎಣಿಸಿ, ಇವುಗಳಲ್ಲಿ ಯಾವುದಾದರೂ ದೋಷವು ನಿನ್ನನ್ನು ಮುಟ್ಟಿಲ್ಲವಷ್ಟೆ, ಪರರ ಧನಕ್ಕೆ ಆಶೆಪಟ್ಟು ಬೇಯುತ್ತಿಲ್ಲವಷ್ಟೆ ಎಂದು ಕೇಳುತ್ತಾನೆ. ಪ್ರಶ್ನೆಯ ವಿನಯವನ್ನು ನೋಡಬೇಕು, ಅದರ ಮೊನೆಯನ್ನೂ ನೋಡಬೇಕು. ಪಟ್ಟಿಯಲ್ಲಿ ಸೊತ್ತನ್ನು ಕಳೆದುಕೊಂಡವನೂ ಇದ್ದಾನೆ, ಕಳ್ಳನೂ ಇದ್ದಾನೆ. ರಾಜ್ಯವನ್ನು ಕಳೆದುಕೊಂಡವರು ಉಪಪ್ಲವ್ಯದಲ್ಲಿದ್ದಾರೆ. ಹಾಗಾದರೆ ಹಸ್ತಿನಾವತಿಯಲ್ಲಿ ಎಚ್ಚರವಾಗಿ ಕುಳಿತಿರುವವನು ಪಟ್ಟಿಯಲ್ಲಿ ಯಾರು? ವಿದುರನು ಅದನ್ನು ಹೇಳದೆ ಬಿಟ್ಟಿದ್ದಾನೆ. ಅರಸನು ಉತ್ತರವನ್ನು ಕೊಡುವುದಿಲ್ಲ. ಧರ್ಮ್ಯವಾದ ಮಾತನ್ನು ನಿನ್ನಿಂದ ಕೇಳಬಯಸುತ್ತೇನೆಂದು ಮಾತನ್ನು ತಿರುಗಿಸುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಪ್ರಜಾಗರಪರ್ವದ ಮರ್ಮವು ಈ ಉತ್ತರಿಸದ ಪ್ರಶ್ನೆಯಲ್ಲಿದೆ. ಮುಂದೆ ಬರುವ ನೀತಿಯೆಲ್ಲವೂ, ಆ ಒಂದು ಪ್ರಶ್ನೆಗೆ ಉತ್ತರ ಬಾರದೆ ಹೋದುದರಿಂದ ಆಡಬೇಕಾಗಿ ಬಂದ ಮಾತು.

ಇಲ್ಲಿ ವೈದ್ಯಶಾಸ್ತ್ರವನ್ನು ಸ್ಮರಿಸುವುದು ಅಪ್ರಕೃತವಾಗಲಾರದು. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ನಿದ್ರೆಯ ವಿಚಾರ ಬಂದಿದೆ. ಸುಖದುಃಖಗಳು, ಪುಷ್ಟಿಕಾರ್ಶ್ಯಗಳು, ಬಲಾಬಲಗಳು, ಜ್ಞಾನಾಜ್ಞಾನಗಳು, ಕಡೆಗೆ ಬದುಕುಸಾವುಗಳು ಕೂಡ ನಿದ್ರೆಯ ಅಧೀನವೆಂದು ಆಚಾರ್ಯನು ಹೇಳುತ್ತಾನೆ. ನಿದ್ರಾನಾಶದ ಕಾರಣಗಳನ್ನು ಎಣಿಸುವಾಗ ಉಪವಾಸ, ಹೊಗೆ, ಅಸುಖವಾದ ಹಾಸಿಗೆ ಮುಂತಾದುವುಗಳ ಸಾಲಿನಲ್ಲಿಯೇ ಭಯ, ಚಿಂತೆ, ಕ್ರೋಧಗಳನ್ನು ಇಟ್ಟಿದ್ದಾನೆ. ಪರಿಹಾರದ ಪಟ್ಟಿಯಲ್ಲಿ ಎಣ್ಣೆಯ ಅಭ್ಯಂಗ, ಸ್ನಾನ, ಹಾಲು, ಮೊಸರನ್ನ, ಮೈಯೊತ್ತುವುದು, ಇಂಪಾದ ಶಬ್ದ, ಕಂಪಾದ ಗಂಧ, ಒಳ್ಳೆಯ ಹಾಸಿಗೆ ಇವೆಲ್ಲವೂ ಬಂದಿವೆ. ಇವುಗಳ ನಡುವೆ ಮನಸ್ಸಿನ ಸುಖವೆಂಬುದೂ ಒಂದಾಗಿ ಬಂದಿದೆ. ಕುರುರಾಜನ ಅಂತಃಪುರದಲ್ಲಿ ಈ ಪಟ್ಟಿಯಲ್ಲಿನ ಯಾವುದಕ್ಕೆ ಕೊರತೆ? ಹಾಲಿತ್ತು, ಗಂಧವಿತ್ತು, ಮೈಯೊತ್ತುವವರು ಸಾಲುಗಟ್ಟಿ ನಿಂತಿದ್ದರು. ಇಲ್ಲದಿದ್ದುದು ಒಂದೇ. ಆ ಒಂದನ್ನು ಸೇವಕರು ತಂದುಕೊಡುವಂತಿರಲಿಲ್ಲ.

ರಾತ್ರಿಯು ಸಾಗುತ್ತದೆ. ವಿದುರನು ಪಂಡಿತನ ಲಕ್ಷಣ, ಮೂಢನ ಲಕ್ಷಣಗಳನ್ನು ಹೇಳುತ್ತಾನೆ. ಒಂದರಿಂದ ಹತ್ತರವರೆಗೆ ಸಂಖ್ಯೆಯನ್ನು ಹಿಡಿದು, ಒಂದಾಗಿರುವುವು ಇವು, ಎರಡಾಗಿರುವುವು ಇವು ಎಂದು ನೀತಿಯನ್ನು ಪೋಣಿಸುತ್ತಾನೆ. ಪಾಠಭೇದಕ್ಕನುಸಾರವಾಗಿ ಎಂಟೋ ಒಂಬತ್ತೋ ಅಧ್ಯಾಯಗಳವರೆಗೆ ಮಾತು ಬೆಳೆಯುತ್ತದೆ. ಕಾವ್ಯದೃಷ್ಟಿಯಿಂದ ಇಲ್ಲಿ ಒಂದು ದೋಷವನ್ನು ಎತ್ತಬಹುದು: ಅಷ್ಟುದ್ದದ ನೀತಿಯ ನಡುವೆ ಕೇಳುವವನು ಮರೆಯಾಗಿಬಿಡುತ್ತಾನೆ, ರಾತ್ರಿಯೂ ಮರೆಯಾಗುತ್ತದೆ. ಆ ಆಕ್ಷೇಪದಲ್ಲಿ ನ್ಯಾಯವಿದೆ. ಆದರೆ ನಡುನಡುವೆ ಅರಸನು ಬಾಯಿಬಿಡುವ ಸ್ಥಳಗಳನ್ನು ಮಾತ್ರ ಆರಿಸಿ ಓದಿದರೆ ಬೇರೊಂದು ಕಥೆ ಹೊರಡುತ್ತದೆ. ಇನ್ನೂ ಹೇಳು, ಕೇಳಿದಷ್ಟೂ ನನಗೆ ತೃಪ್ತಿಯಿಲ್ಲ, ನಿನ್ನ ಮಾತು ವಿಚಿತ್ರವಾಗಿದೆ ಎನ್ನುತ್ತಾನೆ. ವಿಚಿತ್ರವೆಂದರೆ ಇಲ್ಲಿ ಸೊಗಸಾದುದು, ಬಗೆಬಗೆಯಾದುದು. ಸಂಗೀತವನ್ನು ಕೇಳಿ ತಲೆದೂಗುವವನಂತೆ ಅವನು ಧರ್ಮವನ್ನು ಕೇಳಿ ತಲೆದೂಗುತ್ತಾನೆ. ಚುಚ್ಚಬೇಕಾಗಿದ್ದ ಮಾತು ರಂಜಿಸುವ ಮಾತಾಯಿತು. ಔಷಧವೆಂದು ಕೊಟ್ಟದ್ದನ್ನು ರೋಗಿಯು ಹೊತ್ತುಕಳೆಯಲು ಚಪ್ಪರಿಸಿದನು.

ಎಲ್ಲವನ್ನೂ ಕೇಳಿದ ಮೇಲೆ ಅರಸನು ಆಡುವ ಮಾತು ಇಡೀ ಮಹಾಭಾರತದ ಅತ್ಯಂತ ಸತ್ಯವಾದ ಮಾತುಗಳಲ್ಲೊಂದು. ನೀನು ಹೇಳುವುದೆಲ್ಲ ನಿಜ, ನನ್ನ ಬುದ್ಧಿಯೂ ಪಾಂಡವರ ಕಡೆಗೆ ಹಾಗೆಯೇ ಒಲಿಯುತ್ತದೆ, ಆದರೆ ದುರ್ಯೋಧನನನ್ನು ಕಂಡೊಡನೆ ಮತ್ತೆ ತಿರುಗಿಬಿಡುತ್ತದೆ. ದೈವವೇ ದೊಡ್ಡದು, ಪುರುಷಪ್ರಯತ್ನ ನಿರರ್ಥಕ ಎಂಬುದು ಅದರ ತಾತ್ಪರ್ಯ. ಧರ್ಮವು ಇಂಥದೆಂದು ತಿಳಿಯದವನಿಗೆ ಅಂಥ ಎಚ್ಚರವಿಲ್ಲ. ಧರ್ಮವನ್ನು ತಿಳಿದು ಅದರಂತೆ ನಡೆದವನಿಗೂ ಇಲ್ಲ. ತಿಳಿದೂ ನಡೆಯಲಾರದವನಿಗೆ ಮಾತ್ರ ಆ ರಾತ್ರಿ. ದೈವದ ಮಾತನ್ನು ಅವನು ತೆಗೆದದ್ದು ತತ್ತ್ವಜ್ಞಾನಕ್ಕಾಗಿಯಲ್ಲ. ಬೆಳಗಾದರೆ ತಾನು ಏನನ್ನೂ ಮಾಡಬೇಕಾಗಿಲ್ಲವೆಂದು ತನ್ನನ್ನು ತಾನೇ ಸಂತೈಸಿಕೊಳ್ಳುವುದಕ್ಕಾಗಿ. ಇನ್ನೂ ಹೇಳುವುದು ಉಳಿದಿದ್ದರೆ ಹೇಳೆಂದಾಗ ವಿದುರನು ಸನತ್ಸುಜಾತ ಮಹರ್ಷಿಯನ್ನು ಸ್ಮರಿಸಿ ಬರಮಾಡುತ್ತಾನೆ. ನೀತಿಯಿಂದಾಗದುದು ಬ್ರಹ್ಮವಿದ್ಯೆಯಿಂದಾಗಲೆಂದು! ಪ್ರಮಾದವೇ ಮೃತ್ಯುವೆಂದು ಮಹರ್ಷಿಯು ಬೋಧಿಸುತ್ತಾನೆ. ಇರುಳು ಕಳೆಯುತ್ತದೆ, ಬೆಳಗಾಗುತ್ತದೆ, ಸಂಜಯನ ಮಾತನ್ನು ಕೇಳಲು ಅರಸರೆಲ್ಲ ಸಭೆಯನ್ನು ಹೊಗುತ್ತಾರೆ. ಭರತಖಂಡದ ನೀತಿಶಾಸ್ತ್ರವೂ ಅಧ್ಯಾತ್ಮಶಾಸ್ತ್ರವೂ ಒಂದೇ ರಾತ್ರಿ ಒಬ್ಬನ ಹಾಸಿಗೆಯ ಬಳಿಗೆ ಬಂದುವು; ಅವನಿಗೆ ಒಂದು ಗಳಿಗೆಯ ನಿದ್ರೆಯನ್ನೂ ಕೊಡಲಾರದೆ, ಅವನಿಂದ ಒಂದು ಗ್ರಾಮವನ್ನೂ ಕೊಡಿಸಲಾರದೆ ಹಿಂದಿರುಗಿದುವು.

ಇಲ್ಲಿ ಒಂದು ಪೂರ್ವಪಕ್ಷವಿದೆ. ನೀತಿಶ್ಲೋಕಗಳ ಸಂಗ್ರಹವೊಂದನ್ನು ಎಲ್ಲಾದರೂ ಸೇರಿಸಬೇಕೆಂದು ಹಿಂದಿನವರು ಅರಸನ ನಿದ್ರಾಹೀನತೆಯನ್ನು ನೆಪಮಾಡಿಕೊಂಡರು, ನೆಪಕ್ಕೆ ಇಷ್ಟು ಅರ್ಥವನ್ನು ಹೊರಿಸುವುದು ಸಲ್ಲದು ಎಂದು ಕೆಲವರು ವಿಮರ್ಶಕರು ಹೇಳಬಹುದು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ೧೯೩೩ರಿಂದ ೧೯೬೬ರವರೆಗೆ ಪ್ರಕಟಿಸಿದ ಪರಿಷ್ಕೃತ ಆವೃತ್ತಿಯಲ್ಲಿ, ಎಷ್ಟೋ ಪ್ರಸಿದ್ಧವಾದ ಭಾಗಗಳು ಮೂಲದಿಂದ ಹೊರಬಿದ್ದಿದ್ದರೂ ಪ್ರಜಾಗರಪರ್ವವು ಉಳಿದುಕೊಂಡಿದೆ. ಅದರಿಂದ ಅದು ಆದಿಯಿಂದಲೂ ಇದ್ದಿತೆಂದು ಸಿದ್ಧವಾಗುವುದಿಲ್ಲ, ಒಪ್ಪತಕ್ಕ ಮಾತು. ಆದರೆ ಸೇರಿಸಿದವರು ಬೇರೆಯವರೇ ಆಗಿದ್ದರೂ ಸ್ಥಳವನ್ನು ಆರಿಸಿದವರು ಅವರೇ. ನೀತಿಯನ್ನು ಪಟ್ಟಾಭಿಷೇಕದ ಹಗಲಿನಲ್ಲಿ ಹೇಳಿಸಬಹುದಾಗಿತ್ತು. ನಿದ್ರೆಗೆಟ್ಟ ಇರುಳಿನಲ್ಲಿ ಹೇಳಿಸಿದರು. ನಮ್ಮ ಕುಮಾರವ್ಯಾಸನು ಭಾರತವನ್ನು ಹತ್ತು ಪರ್ವಗಳಿಗೆ ಸಂಗ್ರಹಿಸಿದಾಗಲೂ ಉದ್ಯೋಗಪರ್ವದಲ್ಲಿ ವಿದುರನ ಮಾತಿಗೆ ಎಡೆಗೊಟ್ಟನು. ಇದಕ್ಕಿಂತ ಬಲವಾದ ಇನ್ನೊಂದು ಸಮಾಧಾನವಿದೆ: ಯುದ್ಧದ ಮೊದಲಿಗೆ ಒಬ್ಬ ನಿದ್ರಾಹೀನನನ್ನು ಇಟ್ಟ ಗ್ರಂಥವು ಯುದ್ಧದ ಕೊನೆಗೂ ಒಬ್ಬ ನಿದ್ರಾಹೀನನನ್ನು ಇಟ್ಟಿದೆ. ಮೊದಲನೆಯ ಭಾಗಕ್ಕೆ ಪ್ರಜಾಗರವೆಂದು ಹೆಸರು. ಎರಡನೆಯದಕ್ಕೆ ಸೌಪ್ತಿಕ, ಎಂದರೆ ಮಲಗಿದವರಿಗೆ ಸಂಬಂಧಿಸಿದುದು. ೧೮ ದಿನಗಳ ಯುದ್ಧವು ಈ ಎರಡು ರಾತ್ರಿಗಳ ನಡುವೆ ನಡೆಯಿತು.

ಆ ಎರಡನೆಯ ರಾತ್ರಿಯನ್ನು ನೋಡೋಣ. ದುರ್ಯೋಧನನು ತೊಡೆ ಮುರಿದು ಬಿದ್ದಿದ್ದಾನೆ. ಉಳಿದ ಮೂವರು, ಅಶ್ವತ್ಥಾಮ, ಕೃಪ, ಕೃತವರ್ಮರು, ಕಾಡಿನಲ್ಲಿ ಒಂದು ದೊಡ್ಡ ಆಲದ ಮರದ ಕೆಳಗೆ ಇಳಿಯುತ್ತಾರೆ. ಹಂಸತೂಲಿಕಾತಲ್ಪದಲ್ಲಿ ಮಲಗತಕ್ಕ ಕೃಪಕೃತವರ್ಮರು ಬರಿಯ ನೆಲದ ಮೇಲೆ ಒರಗಿ ನಿದ್ರೆಹೋಗುತ್ತಾರೆ. ಸಂಜಯನ ನಿದ್ರೆಯಂತೆಯೇ ಇದೂ. ದ್ರೋಣಪುತ್ರನೊಬ್ಬನೇ ಹಾವಿನಂತೆ ಬುಸುಗುಟ್ಟುತ್ತ ಎಚ್ಚರವಾಗಿದ್ದಾನೆ. ಮರದ ತುಂಬ ಸಾವಿರಾರು ಕಾಗೆಗಳು ಮಲಗಿವೆ. ಒಂದು ಗೂಗೆಯು ಸದ್ದಿಲ್ಲದೆ ಬಂದು ಅವುಗಳನ್ನು ಕೊಂದುಹಾಕುತ್ತದೆ. ಅದನ್ನು ಅವನು ತನಗಾದ ಉಪದೇಶವೆಂದು ಭಾವಿಸುತ್ತಾನೆ. ಹಗಲು ಕಂಡಿದ್ದರೆ ಅದು ಕಾಡಿನ ಸಾಮಾನ್ಯವ್ಯಾಪಾರವೆಂದು ಕಾಣುತ್ತಿತ್ತು. ನಿದ್ರೆಯಿಲ್ಲದ ನಡುರಾತ್ರಿಯಲ್ಲಿ ಅದೇ ಗುರುವಾಯಿತು, ಅದೇ ಶಾಸ್ತ್ರವಾಯಿತು.

ಎಬ್ಬಿಸಲ್ಪಟ್ಟ ಕೃಪನು ಏನು ಹೇಳುತ್ತಾನೆ? ಮೊದಲು, ಧೃತರಾಷ್ಟ್ರ ಗಾಂಧಾರಿ ವಿದುರರನ್ನು ಕೇಳೋಣವೆನ್ನುತ್ತಾನೆ. ಅದು ಫಲಿಸದಿದ್ದಾಗ ಸೋದರಮಾವನ ಅಂತಃಕರಣದಿಂದ ಇನ್ನೊಂದು ಮಾತನ್ನು ಹೇಳುತ್ತಾನೆ: ಬಹುಕಾಲದಿಂದ ಎಚ್ಚರವಾಗಿದ್ದೀಯೆ, ಕವಚವನ್ನು ಕಳಚು, ಈ ಒಂದು ರಾತ್ರಿ ಮಲಗು, ಬೆಳಗಾದ ಮೇಲೆ ನಾವೂ ಜೊತೆಗೆ ಬಂದು ಕಾದುತ್ತೇವೆ. ವಿದುರನು ಎಂಟೊಂಬತ್ತು ಅಧ್ಯಾಯಗಳಲ್ಲಿ ಹೇಳದೆ ಬಿಟ್ಟ ಒಂದೇ ಹಿತವಚನವು ಇದು. ಸೇಡನ್ನು ಬಿಡೆಂದು ಕೃಪನು ಇಲ್ಲಿ ಕೇಳುತ್ತಿಲ್ಲ. ನಿರ್ಣಯವನ್ನು ಬೆಳಗಿನವರೆಗೆ ತಡೆಯೆಂದು ಮಾತ್ರ ಕೇಳುತ್ತಿದ್ದಾನೆ. ಅಶ್ವತ್ಥಾಮನ ಉತ್ತರವು ವಿದುರನ ಪಟ್ಟಿಯ ಪ್ರತಿಧ್ವನಿಯಂತಿದೆ. ರೋಗಪೀಡಿತನಿಗೆ, ಕೋಪಗೊಂಡವನಿಗೆ, ಅರ್ಥಚಿಂತೆಯಲ್ಲಿರುವವನಿಗೆ, ಕಾಮಿಗೆ ನಿದ್ರೆಯೆಲ್ಲಿಯದು. ನನಗೆ ಈ ನಾಲ್ಕೂ ಒಟ್ಟಿಗೆ ಬಂದಿವೆ ಎನ್ನುತ್ತಾನೆ. ಧೃತರಾಷ್ಟ್ರನು ತನ್ನ ರೋಗದ ಹೆಸರನ್ನು ಕೇಳಿ ಸುಮ್ಮನಾದವನು. ಇವನು ರೋಗದ ಹೆಸರನ್ನು ತಾನೇ ಹೇಳಿ ಅದನ್ನೇ ಅಧಿಕಾರಪತ್ರವನ್ನಾಗಿ ಮಾಡಿಕೊಂಡವನು. ಕಡೆಗೆ ಅವನು ಕೊಡುವ ಮಾತು ಭಯಂಕರವಾದುದು: ಮಲಗಿರುವ ಶತ್ರುಗಳನ್ನು ಕೊಂದ ಮೇಲೆ ನಾನು ವಿಶ್ರಮಿಸುವೆನು, ತಾಪವಳಿದು ಮಲಗುವೆನು ಎಂದು. ಇತರರ ನಿದ್ರೆಯನ್ನು ಕಸಿದರೆ ತನಗೆ ನಿದ್ರೆ ಬರುವುದೆಂಬ ಭ್ರಾಂತಿಯೇ ಸೌಪ್ತಿಕಪರ್ವ.

ಆ ಇರುಳಿನಲ್ಲಿ ಧೃಷ್ಟದ್ಯುಮ್ನನೂ ಶಿಖಂಡಿಯೂ ದ್ರೌಪದಿಯ ಐದು ಮಂದಿ ಮಕ್ಕಳೂ ಹತರಾದುದನ್ನು ವಾಚಕರು ಬಲ್ಲರು. ಆದರೆ ಮಲಗೆಂದು ಬುದ್ಧಿ ಹೇಳಿದ ಕೃಪನು ಎಲ್ಲಿದ್ದನು? ಶಿಬಿರದ ಬಾಗಿಲಿನಲ್ಲಿ ಕೃತವರ್ಮನೊಡನೆ ನಿಂತು, ಓಡಿಬಂದವರನ್ನು ಕಡಿಯುತ್ತಿದ್ದನು. ಒಬ್ಬನ ಎಚ್ಚರವು ಮಲಗಿದ್ದ ಇಬ್ಬರನ್ನೂ ಎಬ್ಬಿಸಿ ತನ್ನಂತೆಯೇ ಮಾಡಿಕೊಂಡಿತು. ಕೊನೆಗೆ ಅಶ್ವತ್ಥಾಮನಿಗೆ ಅವನು ಬಯಸಿದ ವಿಶ್ರಾಂತಿ ದೊರೆಯಿತೆ? ಮೂರು ಸಾವಿರ ವರ್ಷ, ಯಾರೊಡನೆಯೂ ಮಾತಿಲ್ಲದೆ, ಒಂಟಿಯಾಗಿ ಅಲೆಯೆಂದು ಶ್ರೀಕೃಷ್ಣನ ಶಾಪವಾಯಿತು.

ಕೃಪನ ಮಾತಿಗೆ ಈಗಿನ ಶಾಸ್ತ್ರದ ಬೆಂಬಲವಿದೆ. ೨೦೦೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಒಂದು ರಾತ್ರಿ ಪೂರ್ತಿ ನಿದ್ರೆಗೆಟ್ಟವರಿಗೂ ಚೆನ್ನಾಗಿ ಮಲಗಿ ಎದ್ದವರಿಗೂ ಉದ್ವೇಗವನ್ನುಂಟುಮಾಡುವ ಚಿತ್ರಗಳನ್ನು ತೋರಿಸಿ ಮಿದುಳಿನ ವ್ಯಾಪಾರವನ್ನು ಪರಿಶೀಲಿಸಿದರು. ಭಯಕೋಪಗಳಿಗೆ ಮುಖ್ಯಸ್ಥಾನವಾದ ಅಮಿಗ್ಡಲವೆಂಬ ಭಾಗದ ಪ್ರತಿಕ್ರಿಯೆಯು ನಿದ್ರೆಗೆಟ್ಟವರಲ್ಲಿ ನೂರಕ್ಕೆ ಸುಮಾರು ೬೦ರಷ್ಟು ಹೆಚ್ಚಾಗಿದ್ದಿತು. ಅದಕ್ಕೆ ಕಡಿವಾಣ ಹಾಕತಕ್ಕ ಮುಂಭಾಗದೊಡನೆ ಅದರ ಸಂಬಂಧವು ಸಡಿಲವಾಗಿದ್ದಿತು. ಚಿಂತೆಯು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆಯು ಚಿಂತೆಯನ್ನು ಇಮ್ಮಡಿಸುತ್ತದೆ. ಈ ಗಾಣದಿಂದ ತಪ್ಪಿಸಿಕೊಳ್ಳುವ ಮೊದಲ ಉಪಾಯವೆಂದರೆ ಕತ್ತಲೆಯಲ್ಲಿ ಹುಟ್ಟಿದ ನಿರ್ಣಯಕ್ಕೆ ಕತ್ತಲೆಯಲ್ಲಿಯೇ ಕೈಹಾಕದಿರುವುದು.

ಎಚ್ಚರವೆಲ್ಲವೂ ವ್ಯಾಧಿಯೆಂದು ನಾವು ಹೇಳಿದಂತಾಗಬಾರದು. ಅರ್ಜುನನಿಗೆ ಗುಡಾಕೇಶನೆಂದು ಹೆಸರು. ಗುಡಾಕಾ ಎಂದರೆ ನಿದ್ರೆ, ಅದಕ್ಕೆ ಒಡೆಯನಾದವನು ಎಂದು ಭಾಷ್ಯಕಾರರ ವ್ಯಾಖ್ಯಾನ. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಆ ಹೆಸರನ್ನು ಉಚ್ಚರಿಸುವವನು ಸಂಜಯ, ಕೇಳುವವನು ಧೃತರಾಷ್ಟ್ರ. ನಿದ್ರೆಯನ್ನು ಗೆದ್ದವನ ಹೆಸರನ್ನು ನಿದ್ರೆಯು ತೊರೆದವನ ಕಿವಿಯಲ್ಲಿ ನುಡಿಸಿದ್ದು ಕಾಕತಾಳೀಯವೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಅಧ್ಯಯನಕ್ಕಾಗಿ, ರೋಗಿಯ ಶುಶ್ರೂಷೆಗಾಗಿ, ಶಿವರಾತ್ರಿಯ ವ್ರತಕ್ಕಾಗಿ ಮನುಷ್ಯನು ತಾನೇ ಕರ್ತೃವಾಗಿ ಎಚ್ಚರವಿರುವುದು ಜಾಗರಣೆ. ಎಚ್ಚರವು ಕರ್ತೃವಾಗಿ ಮನುಷ್ಯನು ಕರ್ಮವಾಗುವುದು ಪ್ರಜಾಗರ. ಗಂಟೆಗಳನ್ನು ಎಣಿಸಿದರೆ ಎರಡೂ ಒಂದೇ. ಬೆಳಗಾದ ಮೇಲೆ ಬೇರೆ.

ಇಷ್ಟನ್ನು ಹೇಳಿದುದು ಶಾಸ್ತ್ರಚರ್ಚೆಗಾಗಿ ಮಾತ್ರವಲ್ಲ. ನಿದ್ರೆಯಿಲ್ಲದವರು ಈಗ ಮನೆಮನೆಯಲ್ಲಿದ್ದಾರೆ: ಪರೀಕ್ಷೆಗೆ ಹೆದರಿದ ಹುಡುಗ, ಸಾಲದ ಕಂತನ್ನು ಎಣಿಸುವ ಗೃಹಸ್ಥ, ದೂರದ ಊರಿನಲ್ಲಿರುವ ಮಗನ ಕ್ಷೇಮವನ್ನು ನೆನೆಯುವ ತಾಯಿ. ಅವರ ಹಾಸಿಗೆಯ ಬಳಿ ಕುಳಿತು ನಾವು ಹಿರಿಯರು ಮಾಡುವುದು ಬಹುಮಟ್ಟಿಗೆ ವಿದುರನ ಕೆಲಸವೇ. ಧೈರ್ಯದಿಂದಿರು, ಚಿಂತಿಸಬೇಡ, ಚಿಂತೆಯಿಂದ ಫಲವಿಲ್ಲ ಎಂದು ಒಂದರಿಂದ ಹತ್ತರವರೆಗೆ ಎಣಿಸಿ ಹೇಳುತ್ತೇವೆ. ಹೇಳಿದ್ದು ಸುಳ್ಳಲ್ಲ, ಉಪಯೋಗವೂ ಇಲ್ಲ. ಅಂಥ ಹೊತ್ತಿನಲ್ಲಿ ವಿದುರನ ನೀತಿಗಿಂತ ಅವನ ಮೊದಲ ಪ್ರಶ್ನೆಯು ದೊಡ್ಡದು: ನಿನ್ನನ್ನು ಮುಟ್ಟಿರುವುದು ಯಾವುದು? ಆ ಪ್ರಶ್ನೆಯನ್ನು ಕೇಳಿ, ಉತ್ತರ ಬರುವವರೆಗೆ ಕಾದು, ಬಂದ ಉತ್ತರಕ್ಕೆ ತಕ್ಕ ಒಂದು ಕೆಲಸವನ್ನು ಮಾರನೆಯ ಹಗಲಿಗೆ ಗೊತ್ತುಮಾಡಿ, ಆ ಮೇಲೆ ಕೃಪನಂತೆ ‘ಕವಚವನ್ನು ಕಳಚು, ಈಗ ಮಲಗು’ ಎನ್ನುವುದು ಮೇಲು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಈ ಸ್ಥಿತಿ ನಿಂತರೆ ಅದನ್ನು ವೈದ್ಯರಿಗೆ ತೋರಿಸತಕ್ಕ ರೋಗವೆಂದೇ ತಿಳಿಯಬೇಕು. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯಸಂಸ್ಥೆಯು ೨೦೧೬ರಲ್ಲಿ, ದೀರ್ಘಕಾಲದ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಆಲೋಚನೆಯನ್ನೂ ನಡವಳಿಕೆಯನ್ನೂ ತಿದ್ದುವ ಚಿಕಿತ್ಸೆಯನ್ನು ಕೊಡಬೇಕೆಂದು ವಿಧಿಸಿತು. ನಿದ್ರೆ ಬಾರದಿದ್ದರೆ ಹಾಸಿಗೆಯಿಂದೇಳುವುದು, ಪ್ರತಿದಿನವೂ ಒಂದೇ ಹೊತ್ತಿಗೆ ಏಳುವುದು ಮೊದಲಾದುವು ಅದರ ಅಂಗಗಳು. ಚಿಂತೆಗೆ ಹಗಲಿನಲ್ಲಿಯೇ ಒಂದು ಹೊತ್ತನ್ನು ಗೊತ್ತುಮಾಡಿ ಅದನ್ನು ಬರೆದಿಡುವುದನ್ನೂ ಅದರೊಡನೆ ಹೇಳಿಕೊಡುವುದುಂಟು. ಹಗಲಿನದನ್ನು ಹಗಲಿಗೆ ಒಪ್ಪಿಸುವುದೇ ಇವೆಲ್ಲದರ ತಿರುಳು.

ಇನ್ನು ವಿದುರನೀತಿಯನ್ನು ಬೇರೆ ಪುಸ್ತಕವಾಗಿ ಅಚ್ಚು ಹಾಕಿಸುವವರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ಮೊದಲಿಗೆ ಸಂಜಯನು ಮಲಗಲು ಹೋದ ಪ್ರಸಂಗವನ್ನೂ, ಕೊನೆಗೆ ಅರಸನು ತನ್ನ ಬುದ್ಧಿ ತಿರುಗುವುದೆಂದು ಒಪ್ಪಿಕೊಂಡ ಶ್ಲೋಕಗಳನ್ನೂ ಬಿಡದೆ ಸೇರಿಸಬೇಕು. ಅವಿಲ್ಲದಿದ್ದರೆ ಓದುವವನು ತಾನು ವಿದುರನ ಪಕ್ಕದಲ್ಲಿ ಕುಳಿತಿರುವೆನೆಂದು ತಿಳಿದುಕೊಳ್ಳುತ್ತಾನೆ. ಅವು ಇದ್ದರೆ, ತಾನು ಕುಳಿತಿರುವುದು ಕೇಳಿ ಕೇಳಿ ತಣಿಯದೆ, ತಲೆದೂಗುತ್ತ, ಬೆಳಗಿಗೆ ಹೆದರುತ್ತಿದ್ದ ಆ ಮುದುಕ ದೊರೆಯ ಸ್ಥಾನದಲ್ಲಿ ಎಂಬುದು ಅವನಿಗೆ ಗೊತ್ತಾಗುವುದು.